ಅನುಭವವಿಲ್ಲದವನ ಅರ್ಜಿ

ಕಳೆದ ಶ್ರಾವಣದ ಒಂದು ಭಾನುವಾರ ನಮ್ಮ ಅಕ್ಕನ ಮಗನು ಕಾಚಿಗುಡದಿಂದ ನಮ್ಮ ಮನೆಗೆ ಬಂದನು. ಬಿ.ಕಾಂ. ಕೊನೆಯ ವರ್ಷದ ಹುಡುಗ. ಕೈಯಲ್ಲೊಂದು ಹಾಳೆ, ಮೇಲೆ ಯಾವುದೋ ಅಂಗಡಿಯ ಹೆಸರು, ಕೆಳಗೆ ಮೊಹರು, ನಡುವೆಲ್ಲ ಖಾಲಿ.

“ಮಾಮಾ, ಎರಡು ವರ್ಷ ಕೆಲಸ ಮಾಡೀನಿ ಅಂತ ಇದರಾಗ ಬರದು ಕೊಡ್ರಿ. ಸರ್ಟಿಫಿಕೇಟಿನ ಭಾಷಾ ನಿಮಗ ಛಲೋ ಗೊತ್ತದ” ಎಂದನು.

ಹುಡುಗನಿಗೆ ಎಂ.ಬಿ.ಎ. ಓದುವ ಹಂಬಲ. ಗಚ್ಚಿಬೌಲಿಯಲ್ಲಿ 2001ರಲ್ಲಿ ತೆರೆದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ಸಿನ ಒಂದು ವರ್ಷದ ತರಗತಿಗೆ ಎರಡು ವರ್ಷ ದುಡಿದ ಅನುಭವ ಬೇಕೆಂದು ತಿಳಿದೊಡನೆ ಯಾರೋ ಹಿತೈಷಿಗಳು ಈ ಹಾಳೆಯನ್ನು ದಯಪಾಲಿಸಿದ್ದರು.

ಸರ್ಟಿಫಿಕೇಟುಗಳನ್ನು ತಿರುವಿಹಾಕುವುದೇ ನಮ್ಮ ಹೊಟ್ಟೆಪಾಡು. ಮೊಹರು ಎಷ್ಟು ಸ್ಪಷ್ಟವೋ ನಮಗೆ ಅಷ್ಟು ಅನುಮಾನ. ಸಂಬಳದ ಚೀಟಿ ಎಲ್ಲಿ, ಬ್ಯಾಂಕಿನ ಪುಸ್ತಕ ಎಲ್ಲಿ, ಭವಿಷ್ಯನಿಧಿಯ ಲೆಕ್ಕ ಎಲ್ಲಿ ಎಂದು ಕೇಳಿದೆವು. ಅದೂ ಹೋಗಲಿ, ಅದೇ ಎರಡು ವರ್ಷ ಇವನು ತರಗತಿಯಲ್ಲಿ ಕುಳಿತಿದ್ದನೆಂದು ಕಾಲೇಜಿನ ಹಾಜರಿ ಪುಸ್ತಕ ಹೇಳುತ್ತದಲ್ಲ! ಹುಡುಗ ತಲೆ ತಗ್ಗಿಸಿದನು. ಆದರೆ ಬರಿದೇ ಬೈದು ಕಳುಹಿಸುವುದು ಮಾವನ ಲಕ್ಷಣವಲ್ಲ. ಬೇರೆ ದಾರಿಗಳನ್ನು ಇಬ್ಬರೂ ಕೂಡಿ ಹುಡುಕಿದೆವು. ನಮ್ಮ ಸಂಘದ ಇತರ ಮನೆಗಳಲ್ಲಿಯೂ ಈ ಪ್ರಶ್ನೆ ಇದ್ದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಒಂದು ವರ್ಷದ ತರಗತಿ ಅನುಭವವನ್ನು ಕೇಳುವುದು ಹಟಕ್ಕಲ್ಲ. ಅಲ್ಲಿ ಪಾಠವೆಂದರೆ ಬಹುಮಟ್ಟಿಗೆ ಚರ್ಚೆ. ಕಾರಖಾನೆ, ಬ್ಯಾಂಕುಗಳಲ್ಲಿ ದುಡಿದವರು ತಾವು ಕಂಡದ್ದನ್ನು ಒಬ್ಬರಿಗೊಬ್ಬರು ಕಲಿಸುತ್ತಾರೆ. ಎರಡು ವರ್ಷದ ತರಗತಿಯ ನಡುವೆ ಬೇಸಗೆಯಲ್ಲಿ ಸುಮಾರು ಎರಡು ತಿಂಗಳು ಒಂದು ಸಂಸ್ಥೆಯಲ್ಲಿ ಕೆಲಸ ಮಾಡಿಸುವ ಪದ್ಧತಿಯಿದೆ. ಆದ್ದರಿಂದಲೇ 1961ರಲ್ಲಿ ಹುಟ್ಟಿದ ಅಹಮದಾಬಾದು, ಕಲಕತ್ತೆಯ ಐ.ಐ.ಎಂ.ಗಳೂ 1973ರ ನಮ್ಮ ಬೆಂಗಳೂರಿನದೂ ಈಗತಾನೆ ಪದವಿ ಪಡೆದವರನ್ನು ತಮ್ಮ ಎರಡು ವರ್ಷದ ತರಗತಿಗೆ ಸೇರಿಸಿಕೊಳ್ಳುತ್ತವೆ. ಅದಕ್ಕೆ ಕ್ಯಾಟ್ ಪರೀಕ್ಷೆ. ಕೊನೆಯ ವರ್ಷದಲ್ಲಿರುವವರೂ ಬರೆಯಬಹುದು. ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ನೂರಕ್ಕೆ 50 ಅಂಕ ಇರಬೇಕು. ಆಯ್ಕೆಯ ಲೆಕ್ಕದಲ್ಲಿ ಕೆಲವೆಡೆ ಅನುಭವಕ್ಕೂ ಅಂಕವುಂಟು. ಅದು ಇಲ್ಲದವರು ಉಳಿದೆಡೆ ಹೆಚ್ಚು ಗಳಿಸಬೇಕು, ಅಷ್ಟೆ.

ಊರು ಬಿಡಲಾಗದವರಿಗೆ ಐಸೆಟ್ ಇದೆ. 200 ಪ್ರಶ್ನೆ, 150 ನಿಮಿಷ. ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಎಂ.ಬಿ.ಎ.ಗೂ ಅದೇ ಬಾಗಿಲು. ಅನುಭವದ ಮಾತೇ ಅಲ್ಲಿಲ್ಲ. ಕರ್ನಾಟಕದಲ್ಲಿ ಪಿ.ಜಿ.ಸಿ.ಇ.ಟಿ. ಹೀಗೆಯೇ.

ಗಚ್ಚಿಬೌಲಿಯ ಆಸೆಯನ್ನೂ ಪೂರ್ತಿ ಬಿಡಬೇಕಾಗಿಲ್ಲ. ಹೊಸ ಪದವೀಧರರಿಗೆಂದೇ ಇಪ್ಪತ್ತು ತಿಂಗಳ ಬೇರೊಂದು ತರಗತಿಯನ್ನು ಆ ಶಾಲೆ 2024ರಲ್ಲಿ ಪ್ರಕಟಿಸಿತು. ಶುಲ್ಕ ಕೇಳಿದರೆ ನಮ್ಮಂಥವರ ಎದೆ ಝಲ್ಲೆನ್ನುವುದು ನಿಜ. ಇನ್ನೊಂದು ಉಪಾಯ: ಜಿಮ್ಯಾಟ್ ಪರೀಕ್ಷೆಯ ಅಂಕ ಐದು ವರ್ಷ ನಿಲ್ಲುತ್ತದೆ. ಓದಿನ ಬಿಸಿ ಆರುವ ಮೊದಲೇ ಅದನ್ನು ಬರೆದಿಟ್ಟು, ಎರಡು ವರ್ಷ ನಿಜವಾಗಿ ದುಡಿದು, ಆಮೇಲೆ ಅರ್ಜಿ ಹಾಕಬಹುದು.

“ಸಂದರ್ಶನದಾಗ ನಾ ಏನು ಹೇಳ್ಲಿ, ಮಾಮಾ?” ಎಂದು ಹುಡುಗ ಕೇಳಿದನು.

ಭಾವನವರದು ಕಿರಾಣಿ ಅಂಗಡಿ. ಸಂಜೆ ಕಾಲೇಜು ಮುಗಿಸಿ ಇವನೇ ಗಲ್ಲೆಯ ಮೇಲೆ ಕುಳಿತುಕೊಳ್ಳುತ್ತಾನೆ. ಉದ್ರಿ ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಯಾರ ಸಂಬಳ ಯಾವ ತಾರೀಖಿಗೆ ಬರುತ್ತದೆಂದು ಬರೆದಿಟ್ಟು, ಅಂದೇ ಸಂಜೆ ವಿನಯದಿಂದ ಜ್ಞಾಪಿಸಿ, ಮುಳುಗಿತೆಂದು ಭಾವನವರು ಕೈಬಿಟ್ಟಿದ್ದ ಬಾಕಿಯಲ್ಲಿ ಬಹುಪಾಲು ವಸೂಲು ಮಾಡಿದವನು ಇವನೇ. ಪೂರ್ಣಾವಧಿಯ ಉದ್ಯೋಗವಲ್ಲವಾದ್ದರಿಂದ ತಿಂಗಳ ಲೆಕ್ಕಕ್ಕೆ ಇದು ಸೇರದು. ಸಂದರ್ಶನದಲ್ಲಿ ಹೇಳಲು ಯಾರ ಅಡ್ಡಿ?

“ಅದೇನು ಕೆಲಸಾರೀ? ಮನೀ ಅಂಗಡಿ!” ಎಂದು ನಕ್ಕನು. ನಮ್ಮ ಮಕ್ಕಳಿಗೆ ಅಪ್ಪನ ಅಂಗಡಿ ಎಂದರೆ ಅಷ್ಟು ಸದರ. ಯಾರದೋ ಅಂಗಡಿಯ ಸುಳ್ಳು ಮೊಹರು ಮಾತ್ರ ದೊಡ್ಡದಾಗಿ ಕಂಡಿತ್ತು.

ಅಂದೇ ಸಂಜೆ ಕ್ಯಾಟ್ ಅರ್ಜಿಯನ್ನು ತುಂಬಿದನು. ಅನುಭವದ ಕಾಲಮಿಗೆ ಬಂದಾಗ ಒಮ್ಮೆ ನಮ್ಮ ಮುಖ ನೋಡಿ, ಸೊನ್ನೆ ಬರೆದನು. ಆ ಹಾಳೆಯನ್ನು ನಾವು ಹಿಂದಿರುಗಿಸಲಿಲ್ಲ. ಕೊಟ್ಟವರು ಯಾರೆಂದು ಅವನು ಹೇಳಲಿಲ್ಲ, ನಾವು ಕೇಳಲೂ ಇಲ್ಲ.