ಅತ್ಯುನ್ನತ ಪ್ರೊಸೆಸರು: ಬೆಲೆಗೆ ತಕ್ಕ ಫಲವೆಷ್ಟು?

ಬಿಡಿಭಾಗಗಳನ್ನು ತಂದು ತಾವೇ ಗಣಕವನ್ನು ಜೋಡಿಸಿಕೊಳ್ಳುವ ಹವ್ಯಾಸ ವಿದ್ಯಾರ್ಥಿಗಳಲ್ಲಿ ಅನೇಕರಿಗಿದೆ. ಜ್ಞಾನಭಾರತಿಯ ಕಡೆಯವರು ಇದಕ್ಕಾಗಿ ಸಾದರ ಪತ್ರಪ್ಪ ರಸ್ತೆಗೆ, ಎಂದರೆ ಎಲ್ಲರ ಬಾಯಲ್ಲಿ ಎಸ್. ಪಿ. ರೋಡ್ ಎನಿಸಿಕೊಂಡಿರುವ ಬೀದಿಗೆ, ಹೋಗುವುದು ವಾಡಿಕೆ. ಅಲ್ಲಿ ಮೊದಲು ಎದುರಾಗುವುದು ಪ್ರೊಸೆಸರಿನ ಪ್ರಶ್ನೆ. ಒಂದೇ ಮನೆತನಕ್ಕೆ ಸೇರಿದ ಎರಡು ಪ್ರೊಸೆಸರುಗಳಲ್ಲಿ ಒಂದರ ಬೆಲೆ ಇನ್ನೊಂದರ ಎರಡರಷ್ಟನ್ನೂ ಮೀರಿರುತ್ತದೆ. ತಂದೆತಾಯಿಗಳು ಕಷ್ಟಪಟ್ಟು ಕೂಡಿಸಿದ ಹಣವನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಯು ಯಾವುದನ್ನು ಆರಿಸಬೇಕು? ಮೇಲಿನದನ್ನೇ ಕೊಂಡರೆ ಚಿಂತೆಯಿಲ್ಲವೆಂಬ ಮಾತು ಎಷ್ಟರಮಟ್ಟಿಗೆ ನಿಜ? ಸ್ವಲ್ಪ ಭೌತವಿಜ್ಞಾನ ಹಾಗೂ ಸರಳ ಅಂಕಗಣಿತದ ನೆರವಿನಿಂದ ಇದನ್ನು ಪರೀಕ್ಷಿಸೋಣ.

ಉದಾಹರಣೆಗಾಗಿ ಎ.ಎಂ.ಡಿ. ಸಂಸ್ಥೆಯು 2022ರ ಸೆಪ್ಟೆಂಬರಿನಲ್ಲಿ ಹೊರತಂದ ಎರಡು ಪ್ರೊಸೆಸರುಗಳನ್ನು ತೆಗೆದುಕೊಳ್ಳೋಣ. ರೈಜನ್ 5 7600ಎಕ್ಸ್ ಎಂಬುದರಲ್ಲಿ 6 ಕೋರ್‌ಗಳಿವೆ. ರೈಜನ್ 9 7950ಎಕ್ಸ್ ಎಂಬುದರಲ್ಲಿ 16. ಕೋರ್ ಎಂದರೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕ. ಮೊದಲನೆಯದರ ಗರಿಷ್ಠ ಆವೃತ್ತಿ 5.3 ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ 530 ಕೋಟಿ ಮಿಡಿತಗಳು, ಎರಡನೆಯದರದು 5.7 ಗಿಗಾಹರ್ಟ್ಸ್. ಹೊರಬಂದಾಗ ಅಮೆರಿಕದಲ್ಲಿ ಇವುಗಳ ಬೆಲೆ ಕ್ರಮವಾಗಿ 299 ಮತ್ತು 699 ಡಾಲರ್. ಬೆಲೆ 2.3 ಪಟ್ಟು ಏರಿದೆ. ಆವೃತ್ತಿಯಾದರೋ ನೂರಕ್ಕೆ ಏಳೂವರೆಯಷ್ಟು ಮಾತ್ರ.

ಬೆಲೆ ಇಷ್ಟು ಏರಲು ಕಾರಣವೇನು?

ಪ್ರೊಸೆಸರುಗಳನ್ನು ದುಂಡನೆಯ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ತುಣುಕುಗಳಾಗಿ ಒಟ್ಟಿಗೆ ರಚಿಸುತ್ತಾರೆ. ತುಣುಕುಗಳೆಲ್ಲ ಒಂದೇ ನಕ್ಷೆಯವಾದರೂ ಗುಣದಲ್ಲಿ ಒಂದೇ ಸಮನಾಗಿರುವುದಿಲ್ಲ. ಕೆಲವು ಕಡಮೆ ವೋಲ್ಟೇಜಿನಲ್ಲೇ ಚುರುಕಾಗಿ ನಡೆಯುತ್ತವೆ. ಕೆಲವುಗಳಲ್ಲಿ ಒಂದೆರಡು ಕೋರ್‌ಗಳು ದೋಷಯುಕ್ತವಾಗಿರುತ್ತವೆ. ತಯಾರಕರು ಪ್ರತಿಯೊಂದನ್ನೂ ಪರೀಕ್ಷಿಸಿ ವಿಂಗಡಿಸುತ್ತಾರೆ. ನಮ್ಮ ಉದಾಹರಣೆಯ ದುಬಾರಿ ಪ್ರೊಸೆಸರಿನಲ್ಲಿ ಎಂಟು ಕೋರ್‌ಗಳ ಎರಡು ತುಣುಕುಗಳಿವೆ. ಅಗ್ಗದ್ದರಲ್ಲಿ ಅದೇ ಬಗೆಯ ಒಂದು ತುಣುಕಿದ್ದು, ಅದರ ಎರಡು ಕೋರ್‌ಗಳನ್ನು ನಿಷ್ಕ್ರಿಯಗೊಳಿಸಲಾಗಿದೆ.

ವೇಗವನ್ನು ಹೆಚ್ಚಿಸುವುದಕ್ಕೆ ಪ್ರಕೃತಿಯೂ ಸುಂಕ ವಿಧಿಸುತ್ತದೆ. ಪ್ರೊಸೆಸರು ಬಳಸುವ ವಿದ್ಯುತ್ ಸಾಮರ್ಥ್ಯವು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಗರಿಷ್ಠ ವೇಗದ ಸಮೀಪದಲ್ಲಿ ಆವೃತ್ತಿಯನ್ನು ಏರಿಸಬೇಕಾದರೆ ವೋಲ್ಟೇಜನ್ನೂ ಏರಿಸಬೇಕು. ಎರಡನ್ನೂ ನೂರಕ್ಕೆ ಏಳೂವರೆಯಂತೆ ಏರಿಸಿದರೆ, 1.075ನ್ನು ಮೂರು ಬಾರಿ ಗುಣಿಸಿದಂತಾಗಿ, ಸಾಮರ್ಥ್ಯವು ನೂರಕ್ಕೆ 24ರಷ್ಟು ಏರುತ್ತದೆ. ಅದೆಲ್ಲವೂ ಶಾಖವಾಗಿ ಹೊರಬೀಳುವುದರಿಂದ ದೊಡ್ಡ ತಂಪುಕಾರಿಯೂ ಬಲವಾದ ವಿದ್ಯುತ್ ಸರಬರಾಜು ಘಟಕವೂ ಬೇಕಾಗುತ್ತವೆ. ಇವುಗಳ ಖರ್ಚು ಪ್ರೊಸೆಸರಿನ ಬೆಲೆಚೀಟಿಯಲ್ಲಿ ಕಾಣುವುದಿಲ್ಲ.

ಅಮ್ಡಾಲ್ ನಿಯಮ

ಆವೃತ್ತಿಯ ಲಾಭ ಅಲ್ಪವಾದರೂ ಹೆಚ್ಚಿನ ಹತ್ತು ಕೋರ್‌ಗಳು ದೊರೆತುವಲ್ಲ ಎಂದು ವಾಚಕರು ಕೇಳಬಹುದು. ಇದಕ್ಕೆ ಉತ್ತರವನ್ನು 1967ರಲ್ಲಿ ಐ.ಬಿ.ಎಂ. ಸಂಸ್ಥೆಯ ಜೀನ್ ಅಮ್ಡಾಲ್ ಸೂಚಿಸಿದರು. ಅವರು ಭೌತವಿಜ್ಞಾನದಲ್ಲಿ ಪದವಿ ಪಡೆದು ಗಣಕರಚನೆಗೆ ಬಂದವರು. ಅವರ ವಿಚಾರವನ್ನು ಎಸ್. ಪಿ. ರೋಡಿನ ಪ್ರಯಾಣದಿಂದಲೇ ತಿಳಿಯಬಹುದು.

ಜ್ಞಾನಭಾರತಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಚಿಕ್ಕಪೇಟೆಯಲ್ಲಿ ಇಳಿದು ನಡೆದು ಅಂಗಡಿ ಸೇರಬೇಕು. ನಡಿಗೆ ಮತ್ತು ಕಾಯುವಿಕೆಗೆ 30 ನಿಮಿಷ, ರೈಲಿನೊಳಗೆ 30 ನಿಮಿಷ, ಒಟ್ಟು 60 ನಿಮಿಷ ಎಂದು ಭಾವಿಸೋಣ. ರೈಲಿನ ವೇಗ ಆರು ಪಟ್ಟಾದರೆ ರೈಲಿನೊಳಗಿನ ಕಾಲ 5 ನಿಮಿಷಕ್ಕೆ ಇಳಿದು ಒಟ್ಟು ಕಾಲ 35 ನಿಮಿಷವಾಗುತ್ತದೆ. ಹದಿನಾರು ಪಟ್ಟಾದರೆ? ಸುಮಾರು 32 ನಿಮಿಷ. ಅಷ್ಟು ವೇಗ ಸಾಧಿಸಿಯೂ ಉಳಿದದ್ದು ಮೂರೇ ನಿಮಿಷ! ನಡಿಗೆಯ ಕಾಲ ಕಡಮೆಯಾಗದಿದ್ದರೆ ರೈಲು ಎಷ್ಟು ಓಡಿದರೂ ಅರ್ಧ ಗಂಟೆಯೊಳಗೆ ಅಂಗಡಿ ಸೇರಲಾಗದು.

ಗಣಕದ ಕೆಲಸವೂ ಹೀಗೆಯೇ. ಅದರ ಒಂದು ಭಾಗವನ್ನು ಅನೇಕ ಕೋರ್‌ಗಳಿಗೆ ಹಂಚಬಹುದು. ಇನ್ನೊಂದು ಭಾಗ ಒಂದಾದ ಮೇಲೊಂದರಂತೆಯೇ ನಡೆಯಬೇಕು. ಒಂದೇ ಕೋರ್ 60 ನಿಮಿಷದಲ್ಲಿ ಮಾಡುವ ಕೆಲಸದಲ್ಲಿ ಅರ್ಧ ಮಾತ್ರ ಹಂಚಲು ಬರುವಂತಿದ್ದರೆ 6 ಮತ್ತು 16 ಕೋರ್‌ಗಳ ಫಲ ಮೇಲಿನ 35 ಮತ್ತು 32 ನಿಮಿಷಗಳೇ. ನೂರಕ್ಕೆ 99 ಭಾಗ ಹಂಚಲು ಬಂದರೆ ಚಿತ್ರ ಬದಲಾಗುತ್ತದೆ: 6 ಕೋರ್‌ಗಳು ಹತ್ತೂವರೆ ನಿಮಿಷ ತೆಗೆದುಕೊಂಡರೆ 16 ಕೋರ್‌ಗಳು ಸುಮಾರು 4.3 ನಿಮಿಷದಲ್ಲಿ ಮುಗಿಸುತ್ತವೆ. ಬೆಲೆಯಷ್ಟೇ ಪ್ರಮಾಣದಲ್ಲಿ ವೇಗವೂ ಏರಬೇಕಾದರೆ ಕೆಲಸದ ನೂರಕ್ಕೆ ಸುಮಾರು ತೊಂಬತ್ತೆಂಟೂವರೆ ಭಾಗ ಹಂಚಲು ಬರುವಂತಿರಬೇಕು. ಇಡೀ ಗಣಕದ ಬೆಲೆಯನ್ನು ಹಿಡಿದು ಲೆಕ್ಕ ಮಾಡಿದರೆ ಈ ಎಲ್ಲೆ ಸ್ವಲ್ಪ ಸಡಿಲವಾಗುವುದು ನಿಜ. ಆದರೆ ತತ್ತ್ವ ಬದಲಾಗದು.

ಯಾರಿಗೆ ಯಾವುದು?

ಟಿಪ್ಪಣಿ ಬರೆಯುವುದು, ಅಂತರಜಾಲ ನೋಡುವುದು, ಸಣ್ಣ ಪ್ರೋಗ್ರಾಮುಗಳನ್ನು ನಡೆಸುವುದು ಇವುಗಳಲ್ಲಿ ಹಂಚಿಕೆಗೆ ಅವಕಾಶ ಅಲ್ಪ. ಮೂರು ಆಯಾಮಗಳ ಚಿತ್ರ ರಚನೆ, ದೊಡ್ಡ ಪ್ರೋಗ್ರಾಮುಗಳ ಸಂಕಲನ, ಲಕ್ಷಾಂತರ ಕಣಗಳ ಚಲನೆಯ ಗಣನೆ ಇವು ಹಂಚಿಕೆಗೆ ಒಗ್ಗುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಮಹಾಗಣಕವು ಸಾವಿರಾರು ಕೋರ್‌ಗಳನ್ನು ಹೊಂದಿರುವುದು ಇಂತಹ ಗಣನೆಗಳಿಗಾಗಿಯೇ.

ಕೊಳ್ಳುವ ಮುನ್ನ ಒಂದು ಪರೀಕ್ಷೆ ಮಾಡಬಹುದು. ಪ್ರಯೋಗಾಲಯದ ಅಥವಾ ಗೆಳೆಯರ ಗಣಕದಲ್ಲಿ ತಮ್ಮ ನಿತ್ಯದ ಕೆಲಸವನ್ನು ನಡೆಸುತ್ತ, ಟಾಸ್ಕ್ ಮ್ಯಾನೇಜರಿನಲ್ಲಿ ಕೋರ್‌ಗಳ ಮೇಲಿನ ಹೊರೆಯನ್ನು ಗಮನಿಸಬೇಕು. ಒಂದೆರಡು ಕೋರ್‌ಗಳು ಮಾತ್ರ ದುಡಿದು ಉಳಿದವು ಸುಮ್ಮನಿದ್ದರೆ, ಹೆಚ್ಚಿನ ಕೋರ್‌ಗಳನ್ನು ಕೊಳ್ಳುವುದು ಸುಮ್ಮನಿರುವವರ ಸಂಖ್ಯೆಯನ್ನು ಹೆಚ್ಚಿಸಿದಂತೆ. ಸ್ಮೃತಿಕೋಶ ತುಂಬಿಹೋಗಿದ್ದರೆ ಹಣವನ್ನು ಅದಕ್ಕೆ ಹಾಕುವುದೇ ಲೇಸು. ಸ್ಮೃತಿ ಸಾಲದಾದಾಗ ಎಂತಹ ಪ್ರೊಸೆಸರೂ ಕಾಯುತ್ತ ಕೂರಬೇಕಾಗುತ್ತದೆ. ಎಲ್ಲ ಕೋರ್‌ಗಳೂ ಗಂಟೆಗಟ್ಟಲೆ ಪೂರ್ಣವಾಗಿ ದುಡಿಯುತ್ತಿದ್ದು, ಉಳಿದ ಕಾಲದಿಂದ ಸಂಪಾದನೆಯೋ ಸಂಶೋಧನೆಯೋ ಮುಂದುವರಿಯುವಂತಿದ್ದರೆ ಮಾತ್ರ ಅತ್ಯುನ್ನತ ಪ್ರೊಸೆಸರಿಗೆ ಕೊಟ್ಟ ಹಣ ಸಾರ್ಥಕ. ಹೀಗೆ ಬೆಲೆಯ ನಿರ್ಣಯ ಪ್ರೊಸೆಸರಿನ ಗುಣದಿಂದಲೇ ಆಗುವುದಿಲ್ಲ. ನಮ್ಮ ಕೆಲಸದ ಸ್ವರೂಪವನ್ನು ಅಳೆದ ಮೇಲೆಯೇ ಆಗಬೇಕು.