ಹಗ್ಗಕ್ಕೆ ಹೆದರಿ ಹಾವಿಗೆ ಕೈ ಹಾಕುವುದು: ಬ್ರ್ಯಾಂಡು, ಬೀಜ, ಆನ್‌ಲೈನ್ ವ್ಯಾಪಾರದ ತಪ್ಪು ಕಲ್ಪನೆಗಳು

ಬಳ್ಳಾರಿ ನಗರದಲ್ಲಿ ಜೀನ್ಸ್, ಸಿರುಗುಪ್ಪದಲ್ಲಿ ಭತ್ತ ಮತ್ತು ಅಕ್ಕಿ, ಕುರುಗೋಡು ಸೀಮೆಯಲ್ಲಿ ಮೆಣಸಿನಕಾಯಿ, ಹತ್ತಿ. ಈ ಮೂರೂ ಕಡೆ ದುಡಿಯುವವರಿಗೆ ತಮ್ಮ ಕಸುಬು ಚೆನ್ನಾಗಿ ಗೊತ್ತು. ಆದರೆ ಸರಕಿನ ಮೇಲಿನ ಹೆಸರು ಯಾರದು, ವಿನ್ಯಾಸ ಯಾರದು, ಬೀಜ ಯಾರದು ಎಂಬ ಪ್ರಶ್ನೆ ಎದ್ದರೆ ಮಾತ್ರ ಅಂಗಡಿ ಕಟ್ಟೆಯ ಮಾತೇ ಕಾನೂನು. ಮೊಬೈಲ್‌ನಲ್ಲೇ ಸರಕು ತೋರಿಸಿ, ಮೊಬೈಲ್‌ನಲ್ಲೇ ಹಣ ಪಡೆದು, ಕೊರಿಯರ್‌ನಲ್ಲಿ ಕಳುಹಿಸುವ ವ್ಯಾಪಾರ ಬಂದ ಮೇಲೆ ಇಂಥ ಕಟ್ಟೆಮಾತು ಇನ್ನೂ ಹೆಚ್ಚಿದೆ. ಅದರಲ್ಲೊಂದು ವಿಚಿತ್ರವಿದೆ. ಕಾನೂನು ಸಲೀಸಾಗಿ ದಾರಿ ಬಿಟ್ಟ ಕಡೆ ನಮ್ಮವರಿಗೆ ಭಯ. ಶಿಕ್ಷೆ ಇಟ್ಟ ಕಡೆ ಧೈರ್ಯ. ಅಂಥ ಒಂಬತ್ತು ಮಾತುಗಳನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: “ಫಸ್ಟ್ ಕಾಪಿ ಅಂತ ಹೇಳಿಯೇ ಮಾರುತ್ತೇನೆ. ಇದರಲ್ಲಿ ಮೋಸ ಎಲ್ಲಿ ಬಂತು?”

ಸತ್ಯ: ಗಿರಾಕಿಗೆ ಮೋಸ ಆಗದಿರಬಹುದು, ಹೆಸರಿನ ಒಡೆಯರ ಹಕ್ಕಿಗೆ ಧಕ್ಕೆ ಆಗಿಯೇ ಆಗುತ್ತದೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103ನೇ ಕಲಂ ಬೇರೆಯವರ ಟ್ರೇಡ್‌ಮಾರ್ಕನ್ನು ಸುಳ್ಳಾಗಿ ಹಾಕುವವರಿಗೆ, 104ನೇ ಕಲಂ ಅಂಥ ಸರಕನ್ನು ಮಾರುವವರಿಗೆ ಮತ್ತು ಮಾರಲು ಇಟ್ಟುಕೊಂಡವರಿಗೆ ಅನ್ವಯಿಸುತ್ತದೆ. ಎರಡಕ್ಕೂ 6 ತಿಂಗಳಿನಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಅಭಿಪ್ರಾಯ ಪಡೆದು ವಾರಂಟ್ ಇಲ್ಲದೆಯೇ ಶೋಧಿಸಿ ಮಾಲು ಜಪ್ತಿ ಮಾಡಬಹುದು.

“ನಾನು ಜಾಬ್ ವರ್ಕ್ ಮಾಡಿದೆ, ಲೇಬಲ್ ಕೊಟ್ಟವರು ಬೇರೆ” ಎಂಬ ಮಾತು ತಾನಾಗಿಯೇ ರಕ್ಷಣೆ ಆಗುವುದಿಲ್ಲ. ವಂಚಿಸುವ ಉದ್ದೇಶ ಇರಲಿಲ್ಲ ಎಂದು ತೋರಿಸುವ ಹೊಣೆ ಹೊಲಿದವರ ಮೇಲೇ ಬೀಳುತ್ತದೆ. ಮಾರಿದವರೂ ಅಷ್ಟೆ: ಎಚ್ಚರಿಕೆ ವಹಿಸಿದ್ದೆ, ಅನುಮಾನಕ್ಕೆ ಕಾರಣ ಇರಲಿಲ್ಲ ಎಂದು ತೋರಿಸಬೇಕು, ಸರಕು ಕೊಟ್ಟವರು ಯಾರೆಂದು ಕೇಳಿದಾಗ ಹೇಳಬೇಕು. ಲೇಬಲ್ ಸಮೇತ ಕೆಲಸ ಬಂದಾಗ ಕೊಟ್ಟವರಿಂದ ಬರಹದಲ್ಲಿ ಆರ್ಡರ್ ಪಡೆದಿಟ್ಟುಕೊಳ್ಳುವುದು ಅದಕ್ಕೇ.

2. ತಪ್ಪು ಕಲ್ಪನೆ: “ಹೆಸರು ಹಾಕದಿದ್ದರೆ ಆಯಿತು. ಹೊಲಿಗೆ ಯಾರಪ್ಪನ ಆಸ್ತಿ?”

ಸತ್ಯ: ಜೀನ್ಸಿನ ಹಿಂಬದಿ ಜೇಬನ್ನೇ ಹತ್ತಿರದಿಂದ ನೋಡಿ. ಜೇಬಿನ ಮೂಲೆಗೆ ಬಡಿಯುವ ತಾಮ್ರದ ರಿವೆಟ್‌ಗೆ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ 1873ರ ಮೇ 20ರಂದು ಅಮೆರಿಕದಲ್ಲಿ ಪೇಟೆಂಟ್ ಪಡೆದರು. ಆಗಿನ ಪೇಟೆಂಟ್ ಅವಧಿ 17 ವರ್ಷ. 1890ಕ್ಕೆ ಅದು ಮುಗಿಯಿತು. ಅಂದಿನಿಂದ ಯಾರು ಬೇಕಾದರೂ ರಿವೆಟ್ ಬಡಿಯಬಹುದು. ಅದೇ ಜೇಬಿನ ನಡುವೆ ಎರಡು ಕಮಾನು ಸೇರಿದಂತೆ ಕಾಣುವ ಲೆವಿಸ್ ಹೊಲಿಗೆಯೂ ಅಷ್ಟೇ ಹಳೆಯದು. ಅದನ್ನು ಮಾತ್ರ ಇವತ್ತಿಗೂ ಬೇರೆ ಯಾರೂ ಹೊಲಿಯುವಂತಿಲ್ಲ. 2022ರಲ್ಲಿ ದಿಲ್ಲಿ ಹೈಕೋರ್ಟ್ ಆ ಹೊಲಿಗೆಯನ್ನು ಸುಪ್ರಸಿದ್ಧ ಟ್ರೇಡ್‌ಮಾರ್ಕ್ ಎಂದು ಘೋಷಿಸಿತು.

ಪೇಟೆಂಟ್ ಹೊಸ ಉಪಾಯಕ್ಕೆ ಸಿಗುವ ಹಕ್ಕು, ಅವಧಿ ಮುಗಿದರೆ ಊರಿನ ಸೊತ್ತು. ಟ್ರೇಡ್‌ಮಾರ್ಕ್ ಇದು ಯಾರ ಸರಕು ಎಂದು ಗುರುತಿಸುವ ಹಕ್ಕು. 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಕೊನೆಯೇ ಇಲ್ಲ. ಹೆಸರು, ಚಿತ್ರ, ಹೊಲಿಗೆ, ಜೇಬಿನ ಅಂಚಿಗೆ ಸಿಕ್ಕಿಸುವ ಪಟ್ಟಿ, ಜನ ಗುರುತು ಹಿಡಿಯುವ ಯಾವುದೂ ಟ್ರೇಡ್‌ಮಾರ್ಕ್ ಆಗಬಹುದು. ಹಾಗೆಂದರೆ ಬಳ್ಳಾರಿಯ ಸಣ್ಣ ಘಟಕವೂ ತನ್ನದೇ ಜೇಬಿನ ಹೊಲಿಗೆಯನ್ನು ಕಟ್ಟಿಕೊಂಡು ಬೆಳೆಸಬಹುದು. ಬೇರೆಯವರ ಕಮಾನನ್ನು ನಕಲು ಮಾಡುವ ದಾರವೇ ಅದಕ್ಕೂ ಸಾಕು.

3. ತಪ್ಪು ಕಲ್ಪನೆ: “ಡಿಸೈನ್ ಮೊದಲು ಇನ್‌ಸ್ಟಾಗ್ರಾಮ್‌ಗೆ ಹಾಕಿದ್ದು ನಾನೇ. ಹಾಗಾಗಿ ಹಕ್ಕು ನನ್ನದೇ.”

ಸತ್ಯ: ಎಷ್ಟೋ ಸಲ ಹಕ್ಕು ಕಳೆದುಹೋಗುವುದೇ ಹಾಗೆ. 2000ದ ಡಿಸೈನ್ಸ್ ಕಾಯ್ದೆಯ ಪ್ರಕಾರ ವಿನ್ಯಾಸ ಹೊಸದಾಗಿರಬೇಕು. ಅರ್ಜಿ ಹಾಕುವ ಮೊದಲು ಎಲ್ಲಿಯೂ ಬಹಿರಂಗ ಆಗಿರಬಾರದು. ನೀವೇ ಹಾಕಿದ ಫೋಟೊ ಕೂಡ ಬಹಿರಂಗವೇ. ಎದುರಾಳಿ ಆ ಪೋಸ್ಟಿನ ತಾರೀಖು ತೋರಿಸಿ ನಿಮ್ಮ ನೋಂದಣಿಯನ್ನೇ ರದ್ದು ಮಾಡಿಸಬಹುದು.

“ಚಿತ್ರ ಬರೆದವನು ನಾನು, ಕಾಪಿರೈಟ್ ಇದ್ದೇ ಇದೆಯಲ್ಲ” ಎನ್ನುವವರಿಗೆ ಇನ್ನೊಂದು ಮಾತು. ಕಾಪಿರೈಟ್‌ಗೆ ನೋಂದಣಿ ಕಡ್ಡಾಯ ಅಲ್ಲ, ನಿಜ. ಆದರೆ ಡಿಸೈನ್ ಆಗಿ ನೋಂದಾಯಿಸಬಹುದಾದ್ದನ್ನು ನೋಂದಾಯಿಸದೆ, ಅದನ್ನು ಯಂತ್ರದಲ್ಲಿ 50ಕ್ಕಿಂತ ಹೆಚ್ಚು ಬಾರಿ ಸರಕಿನ ಮೇಲೆ ಮೂಡಿಸಿದರೆ, 1957ರ ಕಾಪಿರೈಟ್ ಕಾಯ್ದೆಯ 15ನೇ ಕಲಂ ಪ್ರಕಾರ ಆ ಡಿಸೈನ್ ಮೇಲಿನ ಕಾಪಿರೈಟ್ ನಿಂತುಹೋಗುತ್ತದೆ. ಜೀನ್ಸ್ ಘಟಕಕ್ಕೆ 50 ಪೀಸು ಯಾವ ಲೆಕ್ಕ? ಮೊದಲ ದಿನದ ಬೆಳಗ್ಗೆಯೇ ದಾಟಿಹೋಗುತ್ತದೆ. ವ್ಯಕ್ತಿಗಳಿಗೆ, ಸಣ್ಣ ಘಟಕಗಳಿಗೆ ಡಿಸೈನ್ ಅರ್ಜಿಯ ಶುಲ್ಕ 1,000 ರೂಪಾಯಿ. ರಕ್ಷಣೆ 10 ವರ್ಷ, ಇನ್ನೂ 5 ವರ್ಷ ವಿಸ್ತರಿಸಬಹುದು. ಮೊದಲು ಅರ್ಜಿ, ಆಮೇಲೆ ರೀಲ್ಸ್.

4. ತಪ್ಪು ಕಲ್ಪನೆ: “ಜಿಎಸ್‌ಟಿ, ಉದ್ಯಮ್ ಎರಡರಲ್ಲೂ ಇದೇ ಹೆಸರಿದೆ. ಇನ್ನು ಬ್ರ್ಯಾಂಡ್ ನನ್ನದೇ.”

ಸತ್ಯ: ಜಿಎಸ್‌ಟಿ ನೋಂದಣಿ ತೆರಿಗೆಗೆ, ಉದ್ಯಮ್ ಪತ್ರ ಸಣ್ಣ ಉದ್ಯಮ ಎಂಬ ಗುರುತಿಗೆ. ಎರಡೂ ಹೆಸರಿನ ಮೇಲೆ ಹಕ್ಕು ಕೊಡುವುದಿಲ್ಲ. ಉದ್ಯಮ್ ಪತ್ರದ ಉಪಯೋಗ ಬೇರೆ: ಅದಿದ್ದರೆ ಆನ್‌ಲೈನ್ ಟ್ರೇಡ್‌ಮಾರ್ಕ್ ಅರ್ಜಿ ಶುಲ್ಕ ಒಂದು ವರ್ಗಕ್ಕೆ 9,000ದ ಬದಲು 4,500 ರೂಪಾಯಿ. ಉಡುಪು 25ನೇ ವರ್ಗ, ಅಕ್ಕಿ 30ನೇ ವರ್ಗ. ಅರ್ಜಿ ಒಪ್ಪಿತವಾದ ಮೇಲೆ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಆಕ್ಷೇಪಣೆಗೆ 4 ತಿಂಗಳ ಅವಕಾಶ. ನೋಂದಣಿ ಆಗುವ ಮೊದಲೇ ವೃತ್ತದೊಳಗೆ ಆರ್ ಅಕ್ಷರ ಇರುವ ಚಿಹ್ನೆ ಛಾಪಿಸುವುದು ಕಾನೂನಿಗೆ ವಿರುದ್ಧ.

ಹಾಗೆಂದು ನೋಂದಣಿ ಇಲ್ಲದವರು ದಿಕ್ಕಿಲ್ಲದವರೂ ಅಲ್ಲ. ಬೇರೆಯವರು ನೋಂದಾಯಿಸುವ, ಬಳಸುವ ಮೊದಲಿನಿಂದಲೂ ನೀವು ಆ ಹೆಸರಿನಲ್ಲಿ ಸತತವಾಗಿ ಮಾರುತ್ತಿದ್ದರೆ ಟ್ರೇಡ್ ಮಾರ್ಕ್ಸ್ ಕಾಯ್ದೆಯ 34ನೇ ಕಲಂ ನಿಮ್ಮನ್ನು ಕಾಯುತ್ತದೆ. ಆದರೆ ಬಾಯಿಮಾತು ನಡೆಯದು, ತಾರೀಖು ಬೇಕು. ಹಳೆಯ ಬಿಲ್ ಪುಸ್ತಕ, ಲೇಬಲ್ ಛಾಪಿಸಿದ ಪ್ರೆಸ್ಸಿನ ರಸೀದಿ, ಲಾರಿ ರಸೀದಿ ರದ್ದಿಗೆ ಹೋಗದಿರಲಿ.

5. ತಪ್ಪು ಕಲ್ಪನೆ: “ಅಕ್ಕಿಗೆ ಬ್ರ್ಯಾಂಡ್ ರಿಜಿಸ್ಟರ್ ಮಾಡಿಸಿದರೆ ಜಿಎಸ್‌ಟಿ ಬೀಳುತ್ತದೆ.”

ಸತ್ಯ: ಈ ಮಾತು ಒಂದು ಕಾಲಕ್ಕೆ ನಿಜವಾಗಿತ್ತು, ಅದಕ್ಕೇ ಇನ್ನೂ ಸತ್ತಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ನೋಂದಾಯಿತ ಬ್ರ್ಯಾಂಡ್ ಹೆಸರಿನ ಚೀಲದ ಅಕ್ಕಿಗೆ 5% ತೆರಿಗೆ, ಉಳಿದದ್ದಕ್ಕೆ ಇಲ್ಲ. ತೆರಿಗೆ ತಪ್ಪಿಸಲು ನೋಂದಣಿಯನ್ನೇ ಬಿಡುವ ದಾರಿ ಕಂಡಿತು. ಸರ್ಕಾರ ಅದೇ ಸೆಪ್ಟೆಂಬರ್‌ನಲ್ಲಿ ನಿಯಮ ಬಿಗಿ ಮಾಡಿತು: ತೆರಿಗೆ ಬೇಡವೆಂದರೆ ಹೆಸರಿನ ಮೇಲಿನ ಹಕ್ಕು ಬಿಟ್ಟಿದ್ದೇನೆ ಎಂದು ಪ್ರಮಾಣಪತ್ರ ಕೊಡಬೇಕು, ಚೀಲದ ಮೇಲೂ ಹಾಗೆಂದು ಅಳಿಸದ ಶಾಯಿಯಲ್ಲಿ ಛಾಪಿಸಬೇಕು. ವರ್ಷಗಟ್ಟಲೆ ಕಟ್ಟಿದ ಹೆಸರನ್ನು ತಾನೇ ತನ್ನ ಚೀಲದ ಮೇಲೆ ಬಿಟ್ಟುಕೊಡುವ ಕಾಲ ಅದು.

2022ರ ಜುಲೈ 18ರಿಂದ ಆ ಲೆಕ್ಕ ಮುಗಿಯಿತು. ಈಗ ಪ್ರಶ್ನೆ ಬ್ರ್ಯಾಂಡ್‌ನದಲ್ಲ. ಮೊದಲೇ ತೂಗಿ, ಲೇಬಲ್ ಹಚ್ಚಿದ ಚೀಲ 25 ಕಿಲೊ ಒಳಗಿದೆಯೇ ಎಂಬುದು. ಒಳಗಿದ್ದರೆ 5%, ಮೇಲಿದ್ದರೆ ಇಲ್ಲ. ಕಿರಾಣಿ ಅಂಗಡಿಯಲ್ಲಿ 26 ಕಿಲೊ ಚೀಲ ಕಾಣತೊಡಗಿದ ಗುಟ್ಟು ಇದೇ. ಸಿರುಗುಪ್ಪದ ಗಿರಣಿ ಮಾಲೀಕರು ತೆರಿಗೆಗೆ ಹೆದರಿ ಟ್ರೇಡ್‌ಮಾರ್ಕ್ ಬಿಡುವುದರಲ್ಲಿ ಈಗ ಅರ್ಥವಿಲ್ಲ.

6. ತಪ್ಪು ಕಲ್ಪನೆ: “ಜಿಎಸ್‌ಟಿ ನಂಬರ್ ಇಲ್ಲದೆ ಆನ್‌ಲೈನ್‌ನಲ್ಲಿ ಮಾರುವಂತೆಯೇ ಇಲ್ಲ.”

ಸತ್ಯ: 2023ರ ಅಕ್ಟೋಬರ್ 1ಕ್ಕೆ ಮುಂಚೆ ಹಾಗೇ ಇತ್ತು. ಅಂದಿನಿಂದ, ವಹಿವಾಟು ಮಿತಿಯೊಳಗೆ ಇರುವವರು (ಕರ್ನಾಟಕದಲ್ಲಿ ಸರಕಿಗೆ ವರ್ಷಕ್ಕೆ 40 ಲಕ್ಷ ರೂಪಾಯಿ) ಪ್ಯಾನ್ ಕೊಟ್ಟು ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ಆನ್‌ಲೈನ್ ತಾಣಗಳ ಮೂಲಕ ಮಾರಬಹುದು. ಒಂದೇ ಷರತ್ತು ಕಠಿಣ: ಸರಕು ರಾಜ್ಯದ ಗಡಿ ದಾಟಬಾರದು. ನಮ್ಮ ಜಿಲ್ಲೆಗೆ ಈ ಷರತ್ತು ಬೇರೆಯವರಿಗಿಂತ ಹೆಚ್ಚು ತಟ್ಟುತ್ತದೆ. ಸಿರುಗುಪ್ಪದಿಂದ ದೂರದ ಬೀದರ್‌ಗೆ ಪಾರ್ಸೆಲ್ ಕಳುಹಿಸಬಹುದು. ಪಕ್ಕದಲ್ಲೇ ಇರುವ ಆಂಧ್ರದ ಆದೋನಿಗೆ ಕಳುಹಿಸಿದರೆ ಅದು ಅಂತರರಾಜ್ಯ ಮಾರಾಟ, ನೋಂದಣಿ ಬೇಕು.

ಯುಪಿಐ ಬಗ್ಗೆಯೂ ಒಂದು ಮಾತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ನೋಟಿಸ್ ಕೊಟ್ಟಾಗ ರಾಜ್ಯದ ಹಲವು ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಅಂಟಿತು. ತೆರಿಗೆ ಬೀಳುವುದು ವಹಿವಾಟಿಗೆ, ಹಣ ಪಡೆದ ದಾರಿಗಲ್ಲ. ನಗದಿನಲ್ಲಿ ಪಡೆದರೂ 40 ಲಕ್ಷ 40 ಲಕ್ಷವೇ.

7. ತಪ್ಪು ಕಲ್ಪನೆ: “ಮಾಲು ಹೋಗಿದ್ದು ದೊಡ್ಡ ಕಂಪನಿಯ ಆ್ಯಪ್‌ನಲ್ಲಿ. ತಕರಾರು ಬಂದರೆ ಅವರೇ ನೋಡಿಕೊಳ್ಳುತ್ತಾರೆ.”

ಸತ್ಯ: ನಮ್ಮ ವಿದೇಶಿ ಹೂಡಿಕೆ ನಿಯಮದ ಪ್ರಕಾರ ಹೊರದೇಶದ ಹಣ ಇರುವ ಮಾರುಕಟ್ಟೆ ತಾಣ ಸರಕನ್ನು ತಾನೇ ದಾಸ್ತಾನು ಇಟ್ಟು ಮಾರುವಂತಿಲ್ಲ, ಅದು ನಡುವಿನ ಮಧ್ಯವರ್ತಿ. ಮಾರುವವರು ನೀವೇ. 2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಮಾರುವವರ ಮೇಲೇ ಕೆಲವು ಹೊಣೆ ಹೊರಿಸಿವೆ: ದೋಷವಿರುವ ಅಥವಾ ತೋರಿಸಿದಂತೆ ಇಲ್ಲದ ಸರಕನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವಂತಿಲ್ಲ, ಗಿರಾಕಿಯ ವೇಷದಲ್ಲಿ ತಾನೇ ತನ್ನ ಸರಕನ್ನು ಹೊಗಳಿ ವಿಮರ್ಶೆ ಬರೆಯುವಂತಿಲ್ಲ. ತಾಣಕ್ಕೂ ಹೊಣೆ ಇದೆ: ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ. ಗಿರಾಕಿಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

8. ತಪ್ಪು ಕಲ್ಪನೆ: “ಕಂಪನಿ ತಳಿಯ ಬೀಜ ಎತ್ತಿಟ್ಟು ಬಿತ್ತಿದರೆ ಕೇಸ್ ಹಾಕುತ್ತಾರೆ.”

ಸತ್ಯ: 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಂ ಸ್ಪಷ್ಟವಾಗಿದೆ. ಸಂರಕ್ಷಿತ ತಳಿಯಾದರೂ ರೈತರು ತಮ್ಮ ಹೊಲದ ಬೀಜವನ್ನು ಎತ್ತಿಡಬಹುದು, ಬಿತ್ತಬಹುದು, ಮತ್ತೆ ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಒಂದೇ ನಿಷೇಧ: ಆ ತಳಿಯ ಹೆಸರಿನ ಲೇಬಲ್ ಹಚ್ಚಿ ಪ್ಯಾಕೆಟ್ ಮಾಡಿ ಮಾರುವಂತಿಲ್ಲ. ಕೊಂಡ ಬೀಜ ಹೇಳಿದಂತೆ ಫಸಲು ಕೊಡದಿದ್ದರೆ ಈ ಕಾಯ್ದೆಯಡಿಯ ಪ್ರಾಧಿಕಾರದ ಮುಂದೆ ಪರಿಹಾರ ಕೇಳುವ ಹಕ್ಕೂ ಇದೇ ಕಲಂನಲ್ಲಿದೆ. ಚೀಲದ ಟ್ಯಾಗ್ ಮತ್ತು ರಸೀದಿ ಅದಕ್ಕಾಗಿ ಬೇಕು.

“ವಿದೇಶದವರು ಹೇರಿದ ಕಾನೂನು” ಎಂಬ ಮಾತೂ ಅರ್ಧ ಸತ್ಯ. 1995ರಲ್ಲಿ ಜಾರಿಗೆ ಬಂದ, ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಸಸ್ಯ ತಳಿಗೆ ರಕ್ಷಣೆ ಕೊಡಿ ಎಂದಿತು, ಹೇಗೆ ಎಂಬುದನ್ನು ದೇಶಗಳಿಗೆ ಬಿಟ್ಟಿತು. ಭಾರತ ತನ್ನದೇ ಕಾನೂನು ಮಾಡಿ ರೈತರ ಹಕ್ಕನ್ನು ಹೆಸರಿನಲ್ಲೇ ಸೇರಿಸಿತು. ಅದರ ಪರೀಕ್ಷೆ ನಡೆದದ್ದು 2019ರಲ್ಲಿ. ತನ್ನ ನೋಂದಾಯಿತ ತಳಿ ಬೆಳೆದರೆಂದು ಗುಜರಾತಿನ ಕೆಲವು ಆಲೂಗಡ್ಡೆ ರೈತರ ಮೇಲೆ ಪೆಪ್ಸಿಕೊ ಕಂಪನಿ ತಲಾ 1 ಕೋಟಿ ರೂಪಾಯಿ ಮೀರಿದ ಪರಿಹಾರ ಕೇಳಿ ದಾವೆ ಹೂಡಿತು. ದೇಶದಾದ್ಯಂತ ಟೀಕೆ ಎದ್ದ ಮೇಲೆ ಮೇ ತಿಂಗಳಲ್ಲಿ ಹಿಂದೆಗೆದುಕೊಂಡಿತು. ಆ ತಳಿಯ ನೋಂದಣಿ 2021ರಲ್ಲಿ ರದ್ದಾಗಿ, 2024ರಲ್ಲಿ ದಿಲ್ಲಿ ಹೈಕೋರ್ಟ್ ಕಂಪನಿಯ ಪರ ತೀರ್ಪು ಕೊಟ್ಟರೂ 39ನೇ ಕಲಂ ಹಾಗೇ ಇದೆ. ಹೈಬ್ರಿಡ್ ಮೆಣಸಿನಕಾಯಿ, ಹತ್ತಿಯ ಬೀಜ ಎತ್ತಿಟ್ಟರೆ ಮುಂದಿನ ಬೆಳೆ ಏಕರೂಪವಾಗಿ ಬರುವುದಿಲ್ಲ ಎಂಬುದು ನಿಜ. ಅದು ತಳಿಯ ಗುಣ, ಕಾನೂನಿನ ತಡೆಯಲ್ಲ.

9. ತಪ್ಪು ಕಲ್ಪನೆ: “ಬೀಜ ಬ್ಯಾಡಗಿಯದು, ಬಣ್ಣವೂ ಅದೇ. ಬ್ಯಾಡಗಿ ಅಂತ ಪ್ಯಾಕೆಟ್ ಮಾಡಿದರೆ ಏನಾಯಿತು?”

ಸತ್ಯ: ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಇದೆ. ಜಿಐ ನೋಡುವುದು ಬೀಜವನ್ನಲ್ಲ, ನೆಲವನ್ನು. ನಿಮ್ಮ ಹೊಲ ನೋಂದಣಿ ಕಡತದಲ್ಲಿ ಗುರುತಿಸಿದ ಪ್ರದೇಶದೊಳಗೆ ಇರಬೇಕು, ಬೆಳೆ ಅಲ್ಲಿ ಹೇಳಿದ ಗುಣಕ್ಕೆ ಹೊಂದಬೇಕು, ನೀವು ಅಧಿಕೃತ ಬಳಕೆದಾರರಾಗಿ ಹೆಸರು ಬರೆಸಿರಬೇಕು. ಆ ಅರ್ಜಿಯ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಗಿದೆ. ನಮ್ಮದೇ ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಇದೆ. ಆ ಹೆಸರು ಯಾರೋ ಒಬ್ಬ ಮಾರಾಟಗಾರರದಲ್ಲ, ಆ ನೆಲದಲ್ಲಿ ಆ ಕೆಲಸ ಮಾಡುವ ಎಲ್ಲರದು. ಹೊರಗಿನವರು ಯಂತ್ರದ ಕಸೂತಿಗೆ ಸಂಡೂರಿನ ಹೆಸರಿಟ್ಟು ಆನ್‌ಲೈನ್‌ನಲ್ಲಿ ಮಾರಿದರೆ ತಡೆಯಬಹುದಾದ್ದು ಈ ಕಾನೂನಿನಿಂದಲೇ.

ಇಷ್ಟೆಲ್ಲ ಹಕ್ಕು ಕಾಗದದ ಮೇಲಿದ್ದರೂ ಕೋರ್ಟಿಗೆ ಹೋಗುವ ಶಕ್ತಿ ಸಣ್ಣವರಿಗೆ ಎಲ್ಲಿದೆ ಎಂಬ ಪ್ರಶ್ನೆ ಸಹಜ. ಖರ್ಚು, ಕಾಲ ಎರಡೂ ಹಿಡಿಯುತ್ತವೆ. ಆದರೆ ದಿಲ್ಲಿಗೇ ಹೋಗಬೇಕೆಂಬುದು ಸುಳ್ಳು. ನೋಂದಾಯಿತ ಟ್ರೇಡ್‌ಮಾರ್ಕ್ ಮತ್ತು ಕಾಪಿರೈಟ್ ದಾವೆಯನ್ನು ಹಕ್ಕುದಾರರು ತಾವಿರುವ, ವ್ಯಾಪಾರ ನಡೆಸುವ ಊರಿನ ವ್ಯಾಪ್ತಿಯ ಜಿಲ್ಲಾ ಮಟ್ಟದ ನ್ಯಾಯಾಲಯದಲ್ಲೇ ಹೂಡಲು ಅವಕಾಶವಿದೆ. ದಾವೆಯವರೆಗೆ ಹೋಗದೆಯೂ ನೋಂದಣಿ ಸಂಖ್ಯೆ ಕೆಲಸ ಮಾಡುತ್ತದೆ: ನಕಲು ಸರಕಿನ ಪುಟ ತೆಗೆಯಿರಿ ಎಂದು ಆನ್‌ಲೈನ್ ತಾಣಕ್ಕೆ ಬರೆಯುವಾಗ ಅವರು ಮೊದಲು ಕೇಳುವುದೇ ಅದನ್ನು.

ಹೊಸ ಹೆಸರಿಡುವ ಮೊದಲು ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಜಾಲತಾಣದಲ್ಲಿ ಅದೇ ಹೆಸರು ಇದೆಯೇ ಎಂದು ಹುಡುಕಿ ನೋಡಲು ದುಡ್ಡು ಬೇಕಿಲ್ಲ. ಲೇಬಲ್ ಛಾಪಿಸಲು ಕೊಡುವ ಮೊದಲೇ ಆ ಕೆಲಸ ಮುಗಿಸಿ. ಛಾಪಿಸಿದ ಮೇಲೆ ತಿಳಿದರೆ ಹೋಗುವುದು ಲೇಬಲ್ಲಿನ ಹಣ ಮಾತ್ರವಲ್ಲ, ಆ ಹೆಸರಿನಲ್ಲಿ ಗಳಿಸಿದ ಗಿರಾಕಿಯೂ ಹೌದು.