ಬಡ್ಡಿಗೂ ಬಡ್ಡಿ ಹುಟ್ಟಲಿ

ಅಡಿಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಾವು ಹಣದ ವಿಷಯದಲ್ಲಿ ಮಾತ್ರ ಅವಸರದವರು. 1994ರಲ್ಲಿ ಬ್ರೆಜಿಲ್‌ನ ಕಾಫಿ ತೋಟಗಳು ಹಿಮಕ್ಕೆ ಕರಟಿ ಇಲ್ಲಿ ಬೆಲೆ ಏರಿದಾಗ ನಾನು ಕೊಂಡದ್ದು ಜೀಪು. ಅದು ಗುಜರಿಗೆ ಹೋಗಿ ಬಹಳ ಕಾಲವಾಯಿತು. ಅಂದು ಪಿ.ಪಿ.ಎಫ್. ಬಡ್ಡಿ ಶೇ. 12, ಸುಮಾರು ಆರು ವರ್ಷಕ್ಕೆ ಅಸಲು ಇಮ್ಮಡಿ! ನಾನು ಖಾತೆ ತೆರೆದದ್ದು ನಲವತ್ತು ದಾಟಿದ ಮೇಲೆ.

2020ರ ಏಪ್ರಿಲ್‌ನಲ್ಲಿ ದರ ಶೇ. 7.1ಕ್ಕೆ ಇಳಿಯಿತು. ಆ ಲೆಕ್ಕದಲ್ಲೂ 10,000 ರೂಪಾಯಿ 20 ವರ್ಷಕ್ಕೆ ಸುಮಾರು 39,400 ಆಗುತ್ತದೆ, 30 ವರ್ಷಕ್ಕೆ 78,300. ಕೊನೆಯ ಹತ್ತು ವರ್ಷದ ಗಳಿಕೆಯೇ ಮೊದಲ ಇಪ್ಪತ್ತರದ್ದಕ್ಕಿಂತ ಹೆಚ್ಚೆಂಬುದನ್ನು ಗಮನಿಸಿರಿ. ಖಾತೆಯ ಅವಧಿ 15 ವರ್ಷ. ಮುಂದೆ ಐದೈದು ವರ್ಷ ವಿಸ್ತರಿಸಬಹುದು. ಅಂಚೆ ಕಚೇರಿಯಲ್ಲಿ ಮಕ್ಕಳ ಹೆಸರಿನಲ್ಲೂ ತೆರೆಯಬಹುದು. ಫಸಲು ಕೈಕೊಟ್ಟ ವರ್ಷ 500 ರೂಪಾಯಿ ಕಟ್ಟಿದರೂ ಸಾಕು, ಖಾತೆ ನಿಲ್ಲುವುದಿಲ್ಲ.